ಅಧ್ಯಕ್ಷರ ಮೇಜಿನ ಗಂಟೆ

ಕಳೆದ ಚಳಿಗಾಲದಲ್ಲಿ ಯಾದಗಿರಿಯ ಸಮೀಪದ ಹತ್ತಿಕುಣಿಯಲ್ಲಿ ಒಂದು ಸಾಹಿತ್ಯಗೋಷ್ಠಿ ನಡೆಯಿತು. ಅದರ ಅಧ್ಯಕ್ಷತೆಯನ್ನು ವಹಿಸಬೇಕೆಂದು ಮಿತ್ರರೊಬ್ಬರು ಬರೆದಾಗ ನಾನು ಸಂತೋಷದಿಂದಲೇ ಒಪ್ಪಿಕೊಂಡೆ. ವಯಸ್ಸಾದವರಿಗೆ ಅಧ್ಯಕ್ಷತೆಯಷ್ಟು ಸುಲಭವಾದ ಕೆಲಸ ಇನ್ನೊಂದಿಲ್ಲವೆಂಬುದು ಅದುವರೆಗೆ ನನ್ನ ನಂಬಿಕೆಯಾಗಿತ್ತು. ನಡುವಿನ ಕುರ್ಚಿಯಲ್ಲಿ ಕುಳಿತಿರುವುದು, ಹಾರವನ್ನು ಕತ್ತಿನಿಂದ ತೆಗೆದು ಮೇಜಿನ ಮೇಲಿಡುವುದು, ಎಲ್ಲರ ಮಾತು ಮುಗಿದ ಮೇಲೆ ಎಲ್ಲರೂ ಚೆನ್ನಾಗಿ ಮಾತನಾಡಿದರೆಂದು ಹೇಳುವುದು, ಇಷ್ಟೇ ಅಲ್ಲವೆ? ಆದರೆ ಹತ್ತಿಕುಣಿಯವರು ನನ್ನ ಮುಂದೆ ಒಂದು ಹಿತ್ತಾಳೆಯ ಗಂಟೆಯನ್ನೂ ಇಟ್ಟಿದ್ದರು. ಶಾಲೆಯ ಮೇಜಿನ ಮೇಲಿರುವಂಥದು. ತಲೆಯ ಮೇಲೆ ಒತ್ತಿದರೆ ಟಿಣ್ಣೆನ್ನುವಂಥದು. ಆ ಗಂಟೆಯೇ ಈ ಬರಹಕ್ಕೆ ಕಾರಣ.

ಗೋಷ್ಠಿಯ ವಿಷಯ ವಚನಸಾಹಿತ್ಯ. ಆ ಸೀಮೆಗೆ ಅದಕ್ಕಿಂತ ಸಹಜವಾದ ವಿಷಯ ಮತ್ತೊಂದಿರಲಾರದು. ಭೀಮೆಯನ್ನು ದಾಟಿ ಶಹಾಪುರದ ಆಚೆಗೆ ನಡೆದರೆ ಸುರಪುರದ ಸೀಮೆ. ಅಲ್ಲಿಯ ಮುದನೂರು ದಾಸಿಮಯ್ಯನ ಊರು, ಕೆಂಬಾವಿ ಭೋಗಣ್ಣನ ಊರು. ಇತ್ತ ಕಲಬುರಗಿಯ ಕಡೆಗೆ ತಿರುಗಿದರೆ ಮಳಖೇಡ. ಇತರರ ವಿಚಾರವನ್ನೂ ಇತರರ ಧರ್ಮವನ್ನೂ ಸೈರಿಸಬಲ್ಲ ಶಕ್ತಿಯೇ ನಿಜವಾದ ಸಂಪತ್ತೆಂದು ಹೇಳಿದ ‘ಕವಿರಾಜಮಾರ್ಗ’ ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದುದು ಆ ಮಳಖೇಡದ ರಾಷ್ಟ್ರಕೂಟರ ಆಸ್ಥಾನದಲ್ಲಿ. ಇಂಥ ನೆಲದಲ್ಲಿ ಕುಳಿತು ನಾನು ಆ ಸಂಜೆ ಮೂರು ತಪ್ಪುಗಳನ್ನು ಮಾಡಿದೆ.

ಮೊದಲನೆಯ ತಪ್ಪು ಹೀಗೆ. ಊರಿನ ಗಣ್ಯರೊಬ್ಬರು ಎರಡು ಮಾತು ಹೇಳುತ್ತೇನೆಂದು ಎದ್ದುನಿಂತರು. ಮೂವತ್ತೈದು ನಿಮಿಷ ಮಾತನಾಡಿದರು. ವಚನಗಳ ಹೆಸರು ಮೊದಲ ವಾಕ್ಯದಲ್ಲಿ ಬಂದುದು ಮತ್ತೆ ಬರಲಿಲ್ಲ. ಅವರು ಗಣ್ಯರು, ಶಾಮಿಯಾನದ ಖರ್ಚು ಕೊಟ್ಟವರು; ನಾನು ಗಂಟೆಯನ್ನು ಮುಟ್ಟಲಿಲ್ಲ.

ಎರಡನೆಯದು ಇನ್ನೂ ಕೆಟ್ಟುದು. ಕಾಲೇಜಿನಲ್ಲಿ ಓದುತ್ತಿರುವ ಹುಡುಗಿಯೊಬ್ಬಳು ಅಕ್ಕಮಹಾದೇವಿಯನ್ನು ಕುರಿತು ತಾನೇ ಬರೆದ ಕವಿತೆಯೊಂದನ್ನು ಓದಿದಳು. ಅಲ್ಲಲ್ಲಿ ತಡವರಿಸಿದರೂ ಅದರಲ್ಲಿ ಅವಳದೇ ಆದ ಎರಡು ಮೂರು ಸಾಲುಗಳಿದ್ದುವು. ಓದಿ ಮುಗಿಸುವಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬರು, ‘ಇದನ್ನ ಮನ್ಯಾಗ ತೋರಿಸೀಯೇನವಾ?’ ಎಂದು ಕೂಗಿದರು. ಸಭೆ ನಕ್ಕಿತು. ನಾಚಿಕೆಯಿಂದ ಹೇಳುತ್ತೇನೆ, ನಾನೂ ಮುಗುಳುನಕ್ಕೆ. ಹುಡುಗಿ ಏನನ್ನೋ ಹೇಳಲು ಬಾಯಿ ತೆರೆದಳು; ನಾನು ಮುಂದಿನವರ ಹೆಸರನ್ನು ಕರೆದೆ. ಅವಳು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕುಳಿತುಕೊಂಡಳು. ಸಭೆ ಮುಗಿಯುವವರೆಗೆ ಆ ಹಾಳೆಯನ್ನು ಬಿಚ್ಚಲಿಲ್ಲ.

ಮೂರನೆಯದನ್ನು ಹೇಳುವ ಮೊದಲು ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನೆನೆಯಬೇಕು. ಲಕ್ಕಮ್ಮನೂ ಅವಳ ಗಂಡ ಮಾರಯ್ಯನೂ ರಾಯಚೂರು ಜಿಲ್ಲೆಯ ಅಮರೇಶ್ವರದ ಕಡೆಯಿಂದ ಕಲ್ಯಾಣಕ್ಕೆ ಬಂದವರೆಂದು ಪ್ರತೀತಿ. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚಾಗಿ ಅಕ್ಕಿಯನ್ನು ತಂದನು. ನಮಗೆ ಬೇಕಾದುದಕ್ಕಿಂತ ಮಿಗಿಲಾದುದು ಆಸೆ, ಅದನ್ನು ಇದ್ದಲ್ಲಿಯೇ ಸುರಿದು ಬಾ ಎಂದು ಲಕ್ಕಮ್ಮ ಅವನನ್ನು ಹಿಂದಕ್ಕೆ ಕಳುಹಿಸಿದಳು. ಉಪನ್ಯಾಸಕರೊಬ್ಬರು ಇದನ್ನು ಬಹು ಸೊಗಸಾಗಿ ವಿವರಿಸಿದರು. ಅಪರಿಗ್ರಹ, ಕಾಯಕನಿಷ್ಠೆ ಮೊದಲಾದ ಮಾತುಗಳೆಲ್ಲ ಬಂದುವು. ಚರ್ಚೆಗೆ ಅವಕಾಶವಿದೆಯೆಂದು ನಾನು ಸಾರಿದೆ. ಬಾಗಿಲಿನ ಬಳಿ ನೆಲದ ಮೇಲೆ ಕುಳಿತಿದ್ದ ಮುದುಕಿಯೊಬ್ಬಳು ಎದ್ದಳು. ಹೊಲದ ಕೂಲಿಯಿಂದ ನೇರವಾಗಿ ಬಂದವಳಂತಿದ್ದಳು; ಸೆರಗಿನ ತುದಿಯಲ್ಲಿ ತೊಗರಿಯ ಎಲೆಯ ಚೂರು ಅಂಟಿಕೊಂಡಿತ್ತು. ಕೇಳಿದಳು: ‘ಅಲ್ಲರೀ, ಆಕಿ ಅಕ್ಕಿ ತಿರುಗಿ ಸುರುವಿ ಬಾ ಅಂದಳಂತ. ಖರೆ, ದೊಡ್ಡಾಕಿ. ಮನ್ಯಾಗ ಕೂಸು ಇದ್ದುವೋ ಇಲ್ಲೋ ಆಕಿಗೆ?’

ಸಭೆಯಲ್ಲಿ ಮತ್ತೆ ನಗೆ. ಮುದುಕಿ ಇನ್ನೂ ಏನೋ ಹೇಳುವುದಿತ್ತು. ‘ನಾ ಯಾಕ ಕೇಳ್ತೀನಂದ್ರ—’ ಎಂದು ಪ್ರಾರಂಭಿಸಿದಳು. ಹೊತ್ತಾಗಿತ್ತು. ಪ್ರಶ್ನೆ ವಿಷಯಕ್ಕೆ ಸಂಬಂಧಿಸಿದುದಲ್ಲವೆಂದು ನನಗೆ ತೋರಿತು. ನಾನು ಗಂಟೆಯನ್ನು ಒತ್ತಿದೆ.

ಆ ಸಂಜೆ ಗಂಟೆ ಬಾರಿಸಿದುದು ಅದೊಂದೇ ಸಲ.

*

ರಾತ್ರಿ ಊಟವಾದ ಮೇಲೆ ಕಟ್ಟೆಯೊಂದರ ಮೇಲೆ ಭಜನೆ ಕೂಡಿತು. ಕಡಕೋಳ ಮಡಿವಾಳಪ್ಪನವರೂ ಅವರ ಶಿಷ್ಯರೂ ಹಾಡಿದ ತತ್ತ್ವಪದಗಳು ಕಲಬುರಗಿ ಸೀಮೆಯ ಬಾಯಲ್ಲಿ ಇನ್ನೂ ಬದುಕಿವೆ. ಆ ಶಿಷ್ಯರಲ್ಲಿ ಖೈನೂರು ಕೃಷ್ಣಪ್ಪನಿದ್ದಂತೆ ಚೆನ್ನೂರು ಜಲಾಲ ಸಾಹೇಬನೂ ಇದ್ದನೆಂಬುದನ್ನು ನೆನೆದರೆ, ಆ ಬಳಗದ ಬಾಗಿಲು ಎಷ್ಟು ಅಗಲವಾಗಿತ್ತೆಂಬುದು ತಿಳಿಯುತ್ತದೆ. ಹತ್ತಿಕುಣಿಯಲ್ಲಿ ಅಂದು ಎರಡು ಮೇಳಗಳಿದ್ದುವು. ಒಂದು ಮೇಳ ಪದದಲ್ಲಿಯೇ ಸವಾಲನ್ನು ಹಾಕುವುದು. ಇನ್ನೊಂದು ಪದದಲ್ಲಿಯೇ ಜವಾಬನ್ನು ಕೊಡುವುದು. ನಮ್ಮ ಉತ್ತರದ ಸೀಮೆಯ ಗೀಗೀ ಪದಗಳಲ್ಲಿ ಹರದೇಶಿ-ನಾಗೇಶಿಯರು ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಬೆಳತನಕ ವಾದಿಸುವ ರೀತಿಯನ್ನು ಕೇಳಿದವರಿಗೆ ಇದು ಹೊಸದಲ್ಲ. ಹಾಡಿನಲ್ಲಿ ಕೊಂಕಿತ್ತು, ಚುಚ್ಚುಮಾತಿತ್ತು, ಒಂದೆರಡು ಕಡೆ ಸಭ್ಯತೆಯ ಅಂಚನ್ನು ದಾಟಿದ ಮಾತೂ ಇತ್ತು. ಆದರೂ ಯಾರ ಮುಂದೆಯೂ ಗಂಟೆಯಿರಲಿಲ್ಲ. ಅಧ್ಯಕ್ಷನೆಂಬವನು ಇರಲೇ ಇಲ್ಲ.

ಹಾಗೆಂದು ಕಟ್ಟಳೆಯಿರಲಿಲ್ಲವೆಂದು ತಿಳಿಯಬಾರದು. ಒಂದು ಮೇಳ ಹಾಡುವಾಗ ಇನ್ನೊಂದು ತಾಳವನ್ನು ಸಹ ಅಲುಗಿಸಲಿಲ್ಲ. ಸವಾಲಿಗೆ ಜವಾಬು ಕೊಡದೆ ಬೇರೆ ಪದವನ್ನು ಎತ್ತಿದ ಹುಡುಗನೊಬ್ಬನನ್ನು ಕೇಳುಗರೇ ‘ಮೊದಲ ಕೇಳಿದ್ದಕ್ಕ ಹೇಳೋ ತಮ್ಮಾ’ ಎಂದು ತಿದ್ದಿದರು. ಯಾರನ್ನೂ ಎಬ್ಬಿಸಿ ಕಳುಹಿಸಲಿಲ್ಲ. ಆದರೆ ಯಾರೂ ಉತ್ತರದ ಹೊಣೆಯಿಂದ ನುಣುಚಿಕೊಳ್ಳುವಂತಿರಲಿಲ್ಲ. ಸಂಜೆಯ ಸಭೆಯಲ್ಲಿ ಗಂಟೆಯಿತ್ತು, ಕಟ್ಟಳೆಯಿರಲಿಲ್ಲ. ರಾತ್ರಿಯ ಸಭೆಯಲ್ಲಿ ಕಟ್ಟಳೆಯಿತ್ತು, ಗಂಟೆಯಿರಲಿಲ್ಲ. ಈ ಎರಡನ್ನೂ ಒಂದೇ ದಿನ ಕಂಡವನಿಗೆ ನಿದ್ರೆ ಬರುವುದು ಕಷ್ಟ.

ಮಾತಿನ ಕೂಟಕ್ಕೆ ಒಬ್ಬ ನಿಯಾಮಕನು ಬೇಕೆ, ಬೇಡವೆ? ಬೇಕಾದರೆ ಅವನ ಕೆಲಸವೇನು? ಇಂದು ಮನೆಮನೆಯಲ್ಲಿ, ಕೈಕೈಯಲ್ಲಿ ಒಂದೊಂದು ಮಾತಿನ ಕೂಟವಿರುವಾಗ ಈ ಪ್ರಶ್ನೆ ಬರಿಯ ಸಾಹಿತಿಗಳದಾಗಿ ಉಳಿದಿಲ್ಲ. ಆದರೆ ನಾನು ಬಲ್ಲುದು ಸಾಹಿತ್ಯವನ್ನು ಮಾತ್ರ. ಆದುದರಿಂದ ಊರಿಗೆ ಹಿಂದಿರುಗಿದವನು ಕಪಾಟಿನಿಂದ ‘ಶೂನ್ಯಸಂಪಾದನೆ’ಯನ್ನು ಇಳಿಸಿ, ಅದನ್ನು ಈ ಪ್ರಶ್ನೆಯ ಬೆಳಕಿನಲ್ಲಿ ಮತ್ತೆ ಓದಲು ತೊಡಗಿದೆ.

*

‘ಶೂನ್ಯಸಂಪಾದನೆ’ಯನ್ನು ತತ್ತ್ವಗ್ರಂಥವೆಂದು ಓದುವುದು ವಾಡಿಕೆ. ಷಟ್‌ಸ್ಥಲದ ನಿರೂಪಣೆ ಅದರಲ್ಲಿದೆ ನಿಜ. ಆದರೆ ಅದರ ಬಂಧವನ್ನು ನೋಡಿದರೆ ಅದು ಆದ್ಯಂತವಾಗಿ ಒಂದು ಚರ್ಚೆಯ ಗ್ರಂಥ. ಜಗತ್ತಿನ ಸಾಹಿತ್ಯದಲ್ಲಿ ಸಂವಾದರೂಪದ ಕೃತಿಗಳು ಇಲ್ಲದಿಲ್ಲ. ಪ್ಲೇಟೋವಿನ ಸಂವಾದಗಳನ್ನು ಎಲ್ಲರೂ ಬಲ್ಲರು. ಅಲ್ಲಿ ಸಾಕ್ರಟೀಸನು ಕೇಳುತ್ತಾನೆ, ಎದುರಿನವನು ಬಹುಮಟ್ಟಿಗೆ ಹೌದೆನ್ನುತ್ತ ಹೋಗುತ್ತಾನೆ. ನಮ್ಮ ಸಂಪಾದನೆಯಲ್ಲಿ ಹಾಗಲ್ಲ. ಇಲ್ಲಿ ಎದುರಿನವರು ಹೌದೆನ್ನಲು ಬಂದವರಲ್ಲ.

ಅಲ್ಲಮಪ್ರಭು ಈ ಗ್ರಂಥದ ನಾಯಕ; ಶೂನ್ಯಸಿಂಹಾಸನದ ಒಡೆಯ; ನಮ್ಮ ಮಾತಿನಲ್ಲಿ ಹೇಳುವುದಾದರೆ ಅನುಭವಗೋಷ್ಠಿಯ ಅಧ್ಯಕ್ಷ. ಅವನು ಅಧ್ಯಕ್ಷತೆಯನ್ನು ನಡೆಯಿಸುವ ರೀತಿಯನ್ನು ಗಮನಿಸಿದರೆ ಮೊದಲಿಗೆ ಗಾಬರಿಯಾಗುತ್ತದೆ. ಸೊನ್ನಲಿಗೆಯಲ್ಲಿ ಕೆರೆಯನ್ನು ಕಟ್ಟಿಸುತ್ತಿದ್ದ ಸಿದ್ಧರಾಮನ ಬಳಿಗೆ ಹೋಗಿ ಅವನನ್ನು ಒಡ್ಡನೆಂದು ಹಂಗಿಸುತ್ತಾನೆ. ಕೆರೆಯ ಕೆಲಸದವರು ಸಿಟ್ಟಿಗೆದ್ದು ಅಲ್ಲಮನ ಮೇಲೆ ಕಲ್ಲನ್ನು ತೂರುತ್ತಾರೆ. ಇಂದಿನ ಯಾವ ಸಭೆಯ ನಿಯಮಾವಳಿಯಿಂದ ಅಳೆದರೂ ಮೊದಲು ಹೊರಗೆ ಕಳುಹಿಸಬೇಕಾದವನು ಅಲ್ಲಮನೇ! ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಹಂಗಿಸಿದವನು ಹೊರಟುಹೋಗುವುದಿಲ್ಲ. ಸಿದ್ಧರಾಮನ ಕೋಪವನ್ನು ಎದುರುನಿಂತು ತಾಳಿಕೊಳ್ಳುತ್ತಾನೆ, ಅವನ ಪ್ರತಿವಾದವನ್ನು ಕೇಳುತ್ತಾನೆ, ಕಡೆಗೆ ಅವನನ್ನು ಜೊತೆಯಲ್ಲಿ ಕಲ್ಯಾಣಕ್ಕೆ ಕರೆದುಕೊಂಡು ಬರುತ್ತಾನೆ. ಚುಚ್ಚಿದವನು ಗಾಯ ಮಾಯುವವರೆಗೂ ಪಕ್ಕದಲ್ಲಿರುತ್ತಾನೆ.

ಅಕ್ಕಮಹಾದೇವಿಯ ಪ್ರಸಂಗ ಇದಕ್ಕಿಂತ ತೀಕ್ಷ್ಣವಾದುದು. ಕಲ್ಯಾಣಕ್ಕೆ ಬಂದುನಿಂತ ಆಕೆಯನ್ನು ಅಲ್ಲಮ ತುಂಬಿದ ಸಭೆಯಲ್ಲಿ ನಿನ್ನ ಗಂಡನಾರೆಂದು ಕೇಳುತ್ತಾನೆ. ಉಡುಗೆಯನ್ನು ತೊರೆದವಳು ಕೂದಲಿನಿಂದ ಮೈಯನ್ನು ಏಕೆ ಮರೆಮಾಡಿದ್ದೀಯೆಂದು ಕೇಳುತ್ತಾನೆ. ಇಂದಿನ ಓದುಗನಿಗೆ ಇಲ್ಲಿ ಇರಸುಮುರಸಾಗದಿದ್ದರೆ ಅವನ ಓದಿನಲ್ಲಿ ಏನೋ ಕೊರತೆಯಿದೆಯೆಂದೇ ಹೇಳಬೇಕು. ಹತ್ತಿಕುಣಿಯ ಹಿಂದಿನ ಸಾಲಿನಿಂದ ಬಂದ ಕೂಗಿಗೂ ಈ ಪ್ರಶ್ನೆಗೂ ವ್ಯತ್ಯಾಸವೇನು ಎಂದು ನಾನು ಬಹಳ ಹೊತ್ತು ಯೋಚಿಸಿದೆ. ಎರಡೂ ಒಬ್ಬ ಹೆಣ್ಣುಮಗಳ ಮಾತನ್ನು ಬಿಟ್ಟು ಅವಳ ಮನೆ, ಮೈಗಳನ್ನು ಹಿಡಿದುವು. ಎರಡೂ ತುಂಬಿದ ಸಭೆಯಲ್ಲಿ ಬಂದುವು. ನನಗೆ ತೋರಿದ ವ್ಯತ್ಯಾಸ ಒಂದೇ: ಅಲ್ಲಮ ಕೇಳಿದ ಮೇಲೆ ಸುಮ್ಮನಾಗುತ್ತಾನೆ. ಅಕ್ಕ ಉತ್ತರ ಹೇಳುತ್ತಾಳೆ. ಮತ್ತೆ ಕೇಳುತ್ತಾನೆ, ಮತ್ತೆ ಉತ್ತರ ಹೇಳುತ್ತಾಳೆ. ಆಕೆಯ ಮಾತು ಮುಗಿಯುವವರೆಗೆ ಮುಂದಿನವರ ಹೆಸರನ್ನು ಯಾರೂ ಕರೆಯುವುದಿಲ್ಲ. ಕಡೆಗೆ ಸಭೆಯ ಹಿರಿಯರು ಆಕೆಗೆ ತಲೆಬಾಗುತ್ತಾರೆ. ಪ್ರಶ್ನೆ ಕೇಳಿದವನೇ ಆಕೆಯ ಹಿರಿಮೆಗೆ ಸಾಕ್ಷಿಯಾಗುತ್ತಾನೆ.

ಉತ್ತರಕ್ಕೆ ಎಡೆಯನ್ನು ಬಿಟ್ಟು ಆಡಿದ ಕಠಿಣವಾದ ಮಾತು ಪ್ರಶ್ನೆ. ಉತ್ತರವನ್ನು ಮುಚ್ಚಿಹಾಕಲು ಆಡಿದ ಮೆತ್ತನೆಯ ಮಾತೂ ಅವಮಾನವೇ. ಮಾತಿನ ಕಠಿಣತೆಯಿಂದ ಇವೆರಡನ್ನು ಬೇರೆಮಾಡಲಾಗದು. ಅನಂತರ ಉಳಿಯುವ ಮೌನದಿಂದ ಬೇರೆಮಾಡಬೇಕು. ನಮ್ಮ ಸಭೆಯ ಹುಡುಗಿಯ ಮೌನ ಆ ದೃಷ್ಟಿಯಿಂದ ನನ್ನ ಅಧ್ಯಕ್ಷತೆಯ ಮೇಲೆ ಬಂದ ತೀರ್ಪು.

ಇನ್ನು ಮುಕ್ತಾಯಕ್ಕ. ಅಣ್ಣ ಅಜಗಣ್ಣನನ್ನು ಕಳೆದುಕೊಂಡು ಶೋಕಿಸುತ್ತಿರುವ ಆಕೆಯ ಬಳಿಗೆ ಅಲ್ಲಮ ಬರುತ್ತಾನೆ. ಆಕೆ ಅವನನ್ನು ಒಮ್ಮೆಗೇ ಒಪ್ಪಿಕೊಳ್ಳುವುದಿಲ್ಲ. ಅರಿವು ಮಾತನ್ನು ಮೀರಿದುದಾದರೆ ನೀನು ಇಷ್ಟೊಂದು ಮಾತನಾಡುವುದೇಕೆ ಎಂಬರ್ಥದಲ್ಲಿ ಅವನನ್ನೇ ಕೆಣಕುತ್ತಾಳೆ. ಅಧ್ಯಕ್ಷನಾದವನಿಗೆ ಇದಕ್ಕಿಂತ ದೊಡ್ಡ ಪೆಟ್ಟುಂಟೆ? ನಿನಗೆ ಮಾತನಾಡುವ ಅಧಿಕಾರ ಎಲ್ಲಿಂದ ಬಂತೆಂದೇ ಕೇಳಿದಂತಾಯಿತು. ಗ್ರಂಥ ಈ ಪ್ರಶ್ನೆಯನ್ನು ಅಳಿಸಿಹಾಕಿಲ್ಲ, ಅಡಗಿಸಿಲ್ಲ. ಅದಕ್ಕೆ ಒಂದು ಪ್ರಕರಣವನ್ನೇ ಮೀಸಲಾಗಿಟ್ಟಿದೆ. ಅಲ್ಲಮ ಕಲ್ಯಾಣಕ್ಕೆ ಬಂದು ಬಾಗಿಲಲ್ಲಿ ನಿಂತಾಗ ಬಸವಣ್ಣ ಪೂಜೆಯಲ್ಲಿ ತೊಡಗಿ ಅವನನ್ನು ಕಾಯಿಸಿದುದೂ, ಅದಕ್ಕಾಗಿ ಕಿರಿಯನಾದ ಚೆನ್ನಬಸವಣ್ಣ ಬಸವಣ್ಣನನ್ನೇ ಆಕ್ಷೇಪಿಸಿದುದೂ ಇದೇ ಗ್ರಂಥದಲ್ಲಿದೆ. ಗೋಷ್ಠಿಯನ್ನು ಕರೆದ ಆತಿಥೇಯನಿಗೂ ವಿನಾಯಿತಿಯಿಲ್ಲ.

ಇಷ್ಟೆಲ್ಲ ತತ್ತ್ವದ ನಡುವೆ ನಮ್ಮ ಲಕ್ಕಮ್ಮನೂ ಬರುತ್ತಾಳೆ. ಗೋಷ್ಠಿಯ ಮಾತಿನಲ್ಲಿ ಮೈಮರೆತ ಗಂಡನಿಗೆ ಕಾಯಕ ನಿಂತುಹೋದುದನ್ನು ನೆನಪುಮಾಡಿ ಎಬ್ಬಿಸುತ್ತಾಳೆ. ನನ್ನ ಅಭಿಪ್ರಾಯದಲ್ಲಿ ಇಡೀ ಸಂಪಾದನೆಯಲ್ಲಿ ಬಾರಿಸಿದ ನಿಜವಾದ ಗಂಟೆ ಅದೊಂದೇ. ಅದನ್ನು ಬಾರಿಸಿದವಳು ಪೀಠದ ಮೇಲಿರಲಿಲ್ಲ. ಅಕ್ಕಿಯನ್ನು ಆಯುವ ಕೈಯೇ ಅದನ್ನು ಬಾರಿಸಿತು. ಅಂಥ ಲಕ್ಕಮ್ಮನನ್ನು ಕುರಿತ ಗೋಷ್ಠಿಯಲ್ಲಿ ಕೂಲಿಯ ಮುದುಕಿಗೆ ನಾನು ಗಂಟೆ ಬಾರಿಸಿದೆನೆಂಬುದನ್ನು ಓದುಗರು ಮರೆಯಬಾರದು, ನನಗಂತೂ ಮರೆಯುವಂತಿಲ್ಲ.

*

ಇಲ್ಲಿ ವಿದ್ವಾಂಸರು ಒಂದು ಆಕ್ಷೇಪವನ್ನು ತೆಗೆಯುವರು. ಈ ಸಂವಾದಗಳೆಲ್ಲ ಹನ್ನೆರಡನೆಯ ಶತಮಾನದಲ್ಲಿ ಹೀಗೆಯೇ ನಡೆದುವೆಂಬುದಕ್ಕೆ ಆಧಾರವೇನು? ಅನುಭವಮಂಟಪದ ಚಾರಿತ್ರಿಕತೆಯ ವಿಷಯದಲ್ಲಿಯೇ ಭಿನ್ನಾಭಿಪ್ರಾಯಗಳಿವೆಯಲ್ಲ? ಆಕ್ಷೇಪ ನ್ಯಾಯವಾದುದು. ಶಿವಗಣಪ್ರಸಾದಿ ಮಹಾದೇವಯ್ಯನು ಹದಿನೈದನೆಯ ಶತಮಾನದಲ್ಲಿ, ಎಂದರೆ ಶರಣರು ಆಗಿಹೋದ ಎಷ್ಟೋ ತಲೆಮಾರುಗಳ ಮೇಲೆ, ಬೇರೆಬೇರೆ ಸಂದರ್ಭಗಳಲ್ಲಿ ಹುಟ್ಟಿದ ವಚನಗಳನ್ನು ಆಯ್ದು, ನಡುನಡುವೆ ಗದ್ಯದ ಬೆಸುಗೆಯನ್ನು ಹಾಕಿ, ಒಂದನ್ನು ಪ್ರಶ್ನೆಯಾಗಿಯೂ ಇನ್ನೊಂದನ್ನು ಉತ್ತರವಾಗಿಯೂ ನಿಲ್ಲಿಸಿದನು. ಒಂಟಿಯಾಗಿ ಕುಳಿತು ಆಡಿಕೊಂಡ ಮಾತು ಅವನ ಕೈಯಲ್ಲಿ ತುಂಬಿದ ಸಭೆಯ ಮರುನುಡಿಯಾಗಿರಬಹುದು. ಅಂದಮೇಲೆ ಗೋಷ್ಠಿಯ ನಿಜವಾದ ನಿಯಾಮಕನು ಸಿಂಹಾಸನದ ಮೇಲೆ ಕುಳಿತ ಅಲ್ಲಮನಲ್ಲ. ಲೆಕ್ಕಣಿಕೆಯನ್ನು ಹಿಡಿದ ಸಂಪಾದಕ.

ಈ ಆಕ್ಷೇಪದಿಂದ ನನ್ನ ವಾದ ಕುಸಿಯಿತೆಂದು ಮೊದಲು ಅಂದುಕೊಂಡೆ. ಯೋಚಿಸಿದಂತೆಲ್ಲ ಅದರಿಂದ ವಾದ ಬಲಗೊಂಡಿತು. ಏಕೆಂದರೆ ಸಂಪಾದನೆ ಒಂದಲ್ಲ. ಮಹಾದೇವಯ್ಯನ ತರುವಾಯ ಹಲಗೆಯಾರ್ಯನು, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ, ಹೀಗೆ ಒಬ್ಬರಾದ ಮೇಲೆ ಒಬ್ಬರು ಅದೇ ಗೋಷ್ಠಿಯನ್ನು ಮತ್ತೆ ಜೋಡಿಸಿದರು. ಮಹಾದೇವಯ್ಯನ ಕೃತಿಯಲ್ಲಿ ಸಿದ್ಧರಾಮನಿಗೆ ಇಷ್ಟಲಿಂಗದ ದೀಕ್ಷೆಯಾದ ಪ್ರಸಂಗವಿಲ್ಲ. ಇದು ಹಲಗೆಯಾರ್ಯನಿಗೆ ಸರಿತೋರಲಿಲ್ಲ. ಅವನು ದೀಕ್ಷೆಯ ಪ್ರಸಂಗವನ್ನು ಸೇರಿಸಿದನು. ಒಬ್ಬ ನಿಯಾಮಕನ ತೀರ್ಮಾನವನ್ನು ಇನ್ನೊಬ್ಬ ನಿಯಾಮಕ ತಿದ್ದಿದ. ಯಾರು ಸರಿ ಎಂಬುದನ್ನು ಇಲ್ಲಿ ನಾನು ವಿಚಾರಿಸುತ್ತಿಲ್ಲ. ತಿದ್ದಿದವನು ಹಿಂದಿನವನ ಓಲೆಗರಿಯನ್ನು ಸುಡಲಿಲ್ಲ ಎಂಬುದು ಮುಖ್ಯ. ಎರಡೂ ಕೃತಿಗಳು ಉಳಿದುಬಂದುವು. ಗೂಳೂರು ಸಿದ್ಧವೀರಣ್ಣೊಡೆಯನ ಸಂಪಾದನೆಯನ್ನು ಫ. ಗು. ಹಳಕಟ್ಟಿಯವರು 1930ರಲ್ಲಿ ಅಚ್ಚುಮಾಡಿದರು, ಮಹಾದೇವಯ್ಯನದು ಆರ್. ಸಿ. ಹಿರೇಮಠರ ಸಂಪಾದಕತ್ವದಲ್ಲಿ 1971ರಲ್ಲಿ ಹೊರಬಂದಿತು. ಇಂದು ಎರಡನ್ನೂ ಅಕ್ಕಪಕ್ಕದಲ್ಲಿಟ್ಟುಕೊಂಡು, ಎಲ್ಲಿ ಕತ್ತರಿಯಾಡಿತು, ಎಲ್ಲಿ ಹೊಲಿಗೆ ಬಿದ್ದಿತು ಎಂಬುದನ್ನು ನಾವು ಬೆರಳಿಟ್ಟು ತೋರಿಸಬಹುದು.

ಕತ್ತರಿ ಬೇಡವೆಂದರೆ ಸಂಪಾದನೆಯೇ ಇಲ್ಲ; ಚೆಲ್ಲಾಪಿಲ್ಲಿಯಾದ ಓಲೆಗಳು ಮಾತ್ರ. ಆದರೆ ಕತ್ತರಿ ಆಡಿದುದು ಕಾಣಬೇಕು. ಕತ್ತರಿಸಿದುದು ಎಲ್ಲಿಯಾದರೂ ಉಳಿದಿರಬೇಕು. ಕತ್ತರಿಸಿದವನ ಹೆಸರು ಮೇಲಿರಬೇಕು. ನಾಳೆ ಇನ್ನೊಬ್ಬನು ಬಂದು, ‘ಇಲ್ಲಿ ನೀನು ತಪ್ಪಿದೆ’ ಎಂದು ಮತ್ತೆ ಹೊಲಿಯುವಂತಿರಬೇಕು. ನಮ್ಮ ಸಂಪಾದಕರು ಇದನ್ನು ನಿಯಮವೆಂದು ಬರೆದಿಡಲಿಲ್ಲ, ಮಾಡಿ ತೋರಿಸಿದರು.

*

ಕತ್ತರಿಯ ಇನ್ನೊಂದು ಬಗೆಯಿದೆ: ಮಾತನ್ನಲ್ಲ, ಮಾತನಾಡುವವನನ್ನೇ ಕತ್ತರಿಸಿಹಾಕುವುದು. ಇದಕ್ಕೆ ಆ ಸೀಮೆಯದೇ ಆದ ಒಂದು ಕಥೆಯುಂಟು. ಹರಿಹರನು ರಗಳೆಯಲ್ಲಿ ಹಾಡಿದ ಕೆಂಬಾವಿ ಭೋಗಣ್ಣನ ಕಥೆ. ಶಿವನು ಹೊಲೆಯನ ವೇಷದಲ್ಲಿ ಬಂದಾಗ ಭೋಗಣ್ಣ ಅವನನ್ನು ಮನೆಯೊಳಕ್ಕೆ ಕರೆದು ಉಪಚರಿಸಿದನು. ಊರಿನವರು ಕೆರಳಿದರು; ದೂರು ಕೊಟ್ಟು ಅವನನ್ನು ಊರಿನಿಂದ ಹೊರಡಿಸಿದರು. ಭೋಗಣ್ಣ ಹೊರಟನು. ಅವನ ಹಿಂದೆ ಊರಿನ ಗುಡಿಗಳಲ್ಲಿದ್ದ ಲಿಂಗಗಳೆಲ್ಲ ಎದ್ದು ಉರುಳುತ್ತ ಹೊರಟುವು. ಗುಡಿಗಳು ಬರಿದಾದುವು. ಹೊರಹಾಕಿದವರೇ ಓಡಿಬಂದು ಅವನನ್ನು ಬೇಡಿ ಕರೆತರಬೇಕಾಯಿತು.

ಪವಾಡವನ್ನು ನಂಬದವರು ನಂಬದಿರಲಿ. ಕಥೆಯ ತಿರುಳು ಪವಾಡದಲ್ಲಿಲ್ಲ. ಊರಿನ ಶುದ್ಧಿಯನ್ನು ಕಾಪಾಡಲೆಂದು ಒಬ್ಬನನ್ನು ಹೊರಗೆ ಹಾಕಿದಾಗ, ಯಾವುದಕ್ಕಾಗಿ ಊರು ಕೂಡಿತ್ತೋ ಅದೇ ಅವನ ಹಿಂದೆ ಹೋಗಿಬಿಡುವುದುಂಟು. ನಮ್ಮ ಸಾಹಿತ್ಯದ ಇತ್ತೀಚಿನ ಚರಿತ್ರೆಯಲ್ಲಿಯೂ ಇದು ನಡೆದಿದೆ. 1979ರಲ್ಲಿ ಧರ್ಮಸ್ಥಳದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಪ್ರತ್ಯೇಕವಾದ ಗೋಷ್ಠಿ ಬೇಕೆಂಬ ಬೇಡಿಕೆಗೆ ಮನ್ನಣೆ ದೊರೆಯಲಿಲ್ಲ. ಕೇಳಿದವರು ಅದೇ ವರ್ಷ ಬೆಂಗಳೂರಿನಲ್ಲಿ ತಮ್ಮದೇ ಸಮ್ಮೇಳನವನ್ನು ಕೂಡಿಸಿದರು; ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಮುಂದಿನ ದಶಕದ ಕನ್ನಡ ಸಾಹಿತ್ಯದ ಜೀವಂತವಾದ ಚರ್ಚೆಗಳಲ್ಲಿ ಬಹುಪಾಲು ಆ ಹೊರಗಿನ ಚಪ್ಪರದಲ್ಲಿ ನಡೆದುವೆಂಬುದನ್ನು ಯಾರೂ ಅಲ್ಲಗಳೆಯಲಾರರು. 2023ರ ಜನವರಿಯಲ್ಲಿ ಹಾವೇರಿಯಲ್ಲಿ ಸಮ್ಮೇಳನ ನಡೆದಾಗಲೂ ಮುಸ್ಲಿಂ ಲೇಖಕರನ್ನು ಕಡೆಗಣಿಸಲಾಗಿದೆಯೆಂಬ ಆಕ್ಷೇಪ ಎದ್ದು, ಬೆಂಗಳೂರಿನಲ್ಲಿ ಜನಸಾಹಿತ್ಯ ಸಮ್ಮೇಳನ ಕೂಡಿತು. ಗೋಷ್ಠಿಯ ಪಟ್ಟಿಯನ್ನು ಬರೆಯುವ ಕೈಯೂ ಗಂಟೆ ಬಾರಿಸುವ ಕೈಯೇ. ಸದ್ದು ಕೇಳಿಸುವುದಿಲ್ಲ, ಅಷ್ಟೆ.

ಹಾಗಾದರೆ ನಿಯಾಮಕನೇ ಬೇಡ, ಯಾರು ಏನನ್ನಾದರೂ ಹೇಳಲಿ ಎನ್ನೋಣವೆ? ತರುಣ ಮಿತ್ರರು ಅನೇಕರು ಹೀಗೆನ್ನುತ್ತಾರೆ. ಬಾಯಿ ಮುಚ್ಚಿಸಿದ ಅಭಿಪ್ರಾಯ ಸರಿಯಾಗಿದ್ದರೆ ಲೋಕ ಸತ್ಯವನ್ನು ಕಳೆದುಕೊಳ್ಳುತ್ತದೆ, ತಪ್ಪಾಗಿದ್ದರೆ ಸತ್ಯದ ಹೊಳಪನ್ನು ಕಳೆದುಕೊಳ್ಳುತ್ತದೆ ಎಂದು 1859ರಲ್ಲಿಯೇ ಜಾನ್ ಸ್ಟುವರ್ಟ್ ಮಿಲ್ ವಾದಿಸಿದ್ದನು. ಆ ಮಾತಿಗೆ ನಾನೂ ಮಣಿಯುತ್ತೇನೆ. ಆದರೆ ಹತ್ತಿಕುಣಿಯ ಹುಡುಗಿಯ ಬಾಯನ್ನು ಮುಚ್ಚಿಸಿದವರು ಯಾರು? ಸರ್ಕಾರವಲ್ಲ, ಕಾನೂನಲ್ಲ, ಹಿಂದಿನ ಸಾಲಿನ ಒಂದು ಕೂಗು ಮತ್ತು ಸಭೆಯ ನಗೆ. ಅಲ್ಲಿ ನಾನು ಕೈಕಟ್ಟಿ ಕುಳಿತುದು ತಟಸ್ಥತೆಯಾಗಲಿಲ್ಲ, ಕೂಗಿದವನ ಪಕ್ಷವಾಯಿತು. ನಿಯಾಮಕನಿಲ್ಲದ ಸಭೆ ಎಲ್ಲರದೂ ಆಗುತ್ತದೆಂಬುದು ಭ್ರಮೆ. ಅದು ಗಂಟಲು ದೊಡ್ಡದಾಗಿರುವವನದಾಗುತ್ತದೆ, ಶಾಮಿಯಾನದ ಖರ್ಚನ್ನು ಕೊಟ್ಟವನದಾಗುತ್ತದೆ. ಭಜನೆಯ ಕಟ್ಟೆಯ ಮೇಲೆ ಅಧ್ಯಕ್ಷನಿಲ್ಲದೆ ನಡೆಯಿತಲ್ಲ ಎನ್ನಬಹುದು. ಅಲ್ಲಿ ಕೇಳುಗರೆಲ್ಲರೂ ಅಧ್ಯಕ್ಷರಾಗಿದ್ದರು. ತಲೆಮಾರುಗಳಿಂದ ಕೇಳಿ ಪಳಗಿದ ಕಿವಿಗಳು ಅವು. ಅಂಥ ಕಿವಿಗಳಿದ್ದಲ್ಲಿ ಗಂಟೆ ಬೇಡ. ಅವು ಸಿದ್ಧವಾಗುವವರೆಗೆ ಒಬ್ಬನಾದರೂ ಕಿವಿಗೊಟ್ಟು ಕುಳಿತಿರಬೇಕಲ್ಲವೆ?

ಮರುದಿನ ಬೆಳಿಗ್ಗೆ ಹತ್ತಿಕುಣಿಯ ಜಲಾಶಯದ ಒಡ್ಡಿನ ಮೇಲೆ ಊರಿನ ರೈತರೊಬ್ಬರ ಜೊತೆಯಲ್ಲಿ ತಿರುಗಾಡುತ್ತಿದ್ದೆ. ಕೆಳಗೆ ಶೇಂಗಾ, ಜೋಳದ ಹೊಲಗಳು. ಹಿಂದಿನ ಸಂಜೆಯ ಸಂಗತಿಯನ್ನು ನಾನೇ ಎತ್ತಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಒಡ್ಡು ಇಲ್ಲಂದ್ರ ನೀರು ನಿಲ್ಲಂಗಿಲ್ರಿ. ಕೋಡಿ ಇಲ್ಲಂದ್ರ ಒಡ್ಡು ನಿಲ್ಲಂಗಿಲ್ಲ’ ಎಂದರು. ಮತ್ತೆ, ‘ತೂಬಿನ ಕೀಲಿ ಮ್ಯಾಲಿನ ಹೊಲದವನ ಕೈಯಾಗ ಕೊಟ್ರ ಕೆಳಗಿನವರ ಬೆಳಿ ಒಣಗತಾವ’ ಎಂದು ಸೇರಿಸಿದರು. ನಾನು ಇಲ್ಲಿ ಎರಡು ಸಾವಿರ ಶಬ್ದಗಳಲ್ಲಿ ಹೇಳಲು ಹೆಣಗುತ್ತಿರುವುದನ್ನು ಅವರು ಮೂರು ವಾಕ್ಯಗಳಲ್ಲಿ ಮುಗಿಸಿದ್ದರು.

ಇಂಗ್ಲೆಂಡಿನ ಪಾರ್ಲಿಮೆಂಟಿನ ಚರಿತ್ರೆಯಲ್ಲಿ ಒಂದು ಪ್ರಸಂಗವಿದೆ. 1642ರ ಜನವರಿಯಲ್ಲಿ ಒಂದನೆಯ ಚಾರ್ಲ್ಸ್ ದೊರೆ ಐವರು ಸದಸ್ಯರನ್ನು ಹಿಡಿಯಲು ಸೈನಿಕರೊಡನೆ ಸಭೆಗೆ ಬಂದು, ಅವರೆಲ್ಲಿಯೆಂದು ಸಭಾಪತಿ ಲೆಂಥಾಲನನ್ನು ಕೇಳಿದನು. ಸಭೆ ಅಪ್ಪಣೆ ಕೊಡದೆ ನೋಡಲು ತನಗೆ ಕಣ್ಣಿಲ್ಲ, ನುಡಿಯಲು ನಾಲಗೆಯಿಲ್ಲ ಎಂದು ಅವನು ಉತ್ತರವಿತ್ತನು. ಪೀಠದ ಮೇಲಿರುವವನು ಸಭೆಯ ಸೇವಕನೆಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳಲಾಗದು. ನಾನಾದರೋ ಹತ್ತಿಕುಣಿಯಲ್ಲಿ ಸಭೆಯ ಸೇವಕನಾಗಿರಲಿಲ್ಲ. ಮುಂದಿನ ಸಾಲಿನ ಸೇವಕನಾಗಿದ್ದೆ.

ಆದುದರಿಂದ ನಿಯಾಮಕನು ಬೇಕೆಂದೇ ನನ್ನ ತೀರ್ಮಾನ. ಆದರೆ ಅವನ ಗಂಟೆ ಮೊದಲು ಬಲ್ಲಿದರಿಗೆ ಕೇಳಿಸಬೇಕು, ಕಡೆಯಲ್ಲಿ ಬಡವರಿಗೆ. ಮಾತು ಕಠಿಣವೆಂದು ಅವನು ತಡೆಯಬಾರದು. ಮರುಮಾತಿಗೆ ಎಡೆಯಿಲ್ಲದಂತೆ ಮಾಡುವ ಮಾತನ್ನು ತಡೆಯಬೇಕು. ತಡೆದರೆ ಏಕೆಂದು ಎಲ್ಲರೆದುರಿಗೆ ಹೇಳಬೇಕು. ಅವನನ್ನೇ ಕೇಳುವ ಹಕ್ಕು ಮುಕ್ತಾಯಕ್ಕನಿಗೆ ಇದ್ದಂತೆ ಎಲ್ಲರಿಗೂ ಇರಬೇಕು. ವಿಷಯಕ್ಕೆ ಸಂಬಂಧಿಸಿದುದಲ್ಲ ಎಂಬ ಮಾತನ್ನು ಅವನು ನಾಲಗೆಯ ತುದಿಯಿಂದ ದೂರವಿಟ್ಟಿರಬೇಕು. ವಿಷಯ ಯಾವುದೆಂಬುದನ್ನು ಕೆಲವು ವೇಳೆ ಬಾಗಿಲ ಬಳಿ ಕುಳಿತವರೇ ಬಲ್ಲರು.

ಏಕೆಂದರೆ ಆ ಮುದುಕಿಯ ಪ್ರಶ್ನೆಯೇ ಅಂದಿನ ಗೋಷ್ಠಿಯ ನಿಜವಾದ ವಿಮರ್ಶೆಯಾಗಿತ್ತು. ನಾವೆಲ್ಲ ಲಕ್ಕಮ್ಮನ ನಿಷ್ಠೆಯನ್ನು ಹೊಗಳುತ್ತಿದ್ದಾಗ ಅವಳು ಆ ನಿಷ್ಠೆಯ ಬೆಲೆಯನ್ನು ಕೇಳಿದಳು. ಮಿಗಿಲಾದ ಅಕ್ಕಿಯನ್ನು ಹಿಂದಕ್ಕೆ ಸುರಿಯುವ ತಾಯಿಗೆ ಹಸಿದ ಮಗುವಿದ್ದಿದ್ದರೆ ಆ ತ್ಯಾಗ ಇನ್ನೂ ದೊಡ್ಡದಾಗುತ್ತಿತ್ತೆ, ಅಥವಾ ಅದು ತ್ಯಾಗವೇ ಆಗುತ್ತಿರಲಿಲ್ಲವೆ? ನಾಳೆಯ ತುತ್ತಿಗೆಂದು ಇಟ್ಟುಕೊಂಡ ಹಿಡಿ ಅಕ್ಕಿ ಆಸೆಯೆ, ಇಲ್ಲವೆ ಕಾಯಕದ ಇನ್ನೊಂದು ಹೆಸರೆ? ವರುಷಗಟ್ಟಲೆ ವಚನಗಳನ್ನು ಪಾಠ ಹೇಳಿದ ನನಗೆ ಈ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. ನಾನು ಅಕ್ಕಿಯನ್ನು ಆಯ್ದವನಲ್ಲ.

‘ನಾ ಯಾಕ ಕೇಳ್ತೀನಂದ್ರ’ ಎಂದು ಅವಳು ಪ್ರಾರಂಭಿಸಿದ ವಾಕ್ಯ ಅರ್ಧಕ್ಕೆ ನಿಂತಿದೆ. ಆ ವಾಕ್ಯದ ಮುಂದಿನ ಅರ್ಧವನ್ನು ಕೇಳಲು ಈ ತೊಗರಿಯ ಸುಗ್ಗಿ ಮುಗಿದ ಮೇಲೆ ಮತ್ತೊಮ್ಮೆ ಹತ್ತಿಕುಣಿಗೆ ಹೋಗಬೇಕೆಂದಿದ್ದೇನೆ. ಈ ಸಲ ಕುರ್ಚಿಯೂ ಬೇಡ, ಹಾರವೂ ಬೇಡವೆಂದು ಮಿತ್ರರಿಗೆ ಬರೆದಿದ್ದೇನೆ. ಅದುವರೆಗೆ ಅವಳು ಕೇಳಿದುದನ್ನು ಅವಳು ಕೇಳಿದ ಮಾತಿನಲ್ಲಿಯೇ ಓದುಗರ ಮುಂದೆ ಇಡುತ್ತಿದ್ದೇನೆ. ಉತ್ತರ ತಿಳಿದವರು ಬರೆಯಬಹುದು. ಹೊತ್ತಾಯಿತೆಂದು ಯಾರೂ ಹೇಳುವುದಿಲ್ಲ.